ಅಲಾರಾಂ ನಿಲ್ಲಿಸಿದವರು ಯಾರು?

ಆಸ್ಪತ್ರೆಯ ಮುಂಬಾಗಿಲಲ್ಲಿ ಡಾಕ್ಟರುಗಳ ಹೆಸರಿನ ಫಲಕಗಳು ಸಾಲಾಗಿ ತೂಗುತ್ತಿದ್ದವು. ಹಿಂಬಾಗಿಲ ಕಡೆ ಕೆಲಸ ಮಾಡುವ ಡಾಕ್ಟರಮ್ಮನ ಹೆಸರು ಅಲ್ಲಿರಲಿಲ್ಲ. ಅವರನ್ನು ಹುಡುಕಿಕೊಂಡು ಯಾವ ರೋಗಿಯೂ ತಾನಾಗಿ ಬರುತ್ತಿರಲಿಲ್ಲ. ಬರುವವರನ್ನು ಬೇರೆಯವರೇ ಹೊತ್ತು ತರುತ್ತಿದ್ದರು. ಇದ್ದಕ್ಕಿದ್ದಂತೆ ತೀರಿಕೊಂಡವರ ದೇಹ ಪರೀಕ್ಷಿಸಿ, ಸಾವಿಗೆ ಕಾರಣ ಇದು ಎಂದು ಬರೆದುಕೊಡುವುದು ಅವರ ಸರ್ಕಾರಿ ಕೆಲಸ.

ಅವರ ಬೀದಿಯ ಮಕ್ಕಳು ಅವರಿಗೆ "ಕೊನೇ ಡಾಕ್ಟರಮ್ಮ" ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಸಲಿಗೆ ಬೆಳೆದು ಎದುರಿಗೇ ಕರೆದರು. ಡಾಕ್ಟರಮ್ಮ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಯಾರಾದರೂ ಮಾಡಲೇಬೇಕಾದ ಕೆಲಸವನ್ನು ದೇವರು ತನ್ನ ಕೈಗೆ ಕೊಟ್ಟಿದ್ದಾನೆ, ಅದನ್ನು ಚೆನ್ನಾಗಿ ಮಾಡುವ ಕೈಯನ್ನೂ ಅವನೇ ಕೊಟ್ಟಿದ್ದಾನೆ ಎಂದು ಅವರು ನೆಮ್ಮದಿಯಾಗಿದ್ದರು.

ಅವರ ಗಂಡ ಮಾತ್ರ ಮನೆಗೆ ನೆಂಟರು ಬಂದಾಗಲೆಲ್ಲ ಒಂದೇ ತಮಾಷೆ ಹೇಳುತ್ತಿದ್ದರು. "ನಮ್ಮನೆಯವಳ ಕೈಗುಣದ ಬಗ್ಗೆ ಇವತ್ತಿನವರೆಗೆ ಒಬ್ಬ ರೋಗಿನೂ ದೂರು ಹೇಳಿಲ್ಲ ನೋಡಿ."

"ನಿಮ್ಮ ಅಡುಗೆ ಬಗ್ಗೆ ನಾನು ದೂರು ಹೇಳಿದೀನಾ?" ಎಂದು ಡಾಕ್ಟರಮ್ಮ ತಿರುಗಿಸಿ ಕೇಳುತ್ತಿದ್ದರು. "ತಿಂದೋರೆಲ್ಲ ಸುಮ್ಮನಿದ್ದಾರೆ ಅಂದ್ರೆ ಖುಷಿಯಾಗಿದ್ದಾರೆ ಅಂತಲ್ಲ ರೀ."

ಅವರ ಪರೀಕ್ಷಾ ಕೋಣೆಯಲ್ಲಿ ಬಿಳಿ ಟೈಲ್ಸ್ ಗೋಡೆ, ಉಕ್ಕಿನ ಮೇಜು, ಸದಾ ಹನಿ ಉದುರಿಸುವ ಒಂದು ನಲ್ಲಿ, ಎತ್ತರದಲ್ಲೊಂದು ಕಿಟಕಿ ಇದ್ದವು. ಬೆಳಿಗ್ಗೆ ಕೈಗವಸು ಹಾಕಿಕೊಳ್ಳುವ ಮೊದಲು ಅವರು ಮೇಜಿನ ಪಕ್ಕ ನಿಂತು, ಮಲಗಿರುವವರ ಹಣೆಯ ಮೇಲೆ ಬರಿಗೈ ಇಡುತ್ತಿದ್ದರು. "ಅಪ್ಪಣೆ ಕೊಡು" ಎನ್ನುತ್ತಿದ್ದರು. ಸತ್ತವರು ಮಕ್ಕಳಾಗಿದ್ದರೆ "ಅಪ್ಪಣೆ ಕೊಡು ಕಂದಾ" ಎಂದು, ಮುದುಕರಾಗಿದ್ದರೆ "ಅಪ್ಪಣೆ ಕೊಡಿ ಅಜ್ಜಾ" ಎಂದು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಇದನ್ನು ಕಂಡು ಅವರ ಸಹಾಯಕ ಬೆಚ್ಚಿದ್ದ. ಆಮೇಲೆ ಅವನಿಗೂ ಅದು ರೂಢಿಯಾಗಿ, ಅವರು ಆ ಮಾತು ಮುಗಿಸುವವರೆಗೆ ಹನಿ ಬೀಳದಂತೆ ನಲ್ಲಿಯನ್ನು ಬಿಗಿ ಹಿಡಿದು ನಿಲ್ಲುತ್ತಿದ್ದ. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ತೆರೆದ ದೇಹವನ್ನು ಮತ್ತೆ ಹೊಲಿಯುವುದರಲ್ಲಿ ಅವನಷ್ಟು ಅಚ್ಚುಕಟ್ಟು ಯಾರಿಗೂ ಬರುತ್ತಿರಲಿಲ್ಲ. ಹೊರಗೆ ಕಾಯುವ ಮನೆಯವರ ಅಳು ನೋಡಲಾಗದೆ ಏನಾದರೊಂದು ಸಮಾಧಾನದ ಮಾತು ಹೇಳಿಬಿಡುವುದು ಅವನ ಇನ್ನೊಂದು ಅಭ್ಯಾಸ.

ಆ ಕೆಲಸದ ಕಾನೂನು ಕಟ್ಟುನಿಟ್ಟಾಗಿತ್ತು. ನಲವತ್ತರ ಒಳಗಿನವರು ಕಾಯಿಲೆ ಕಸಾಲೆ ಇಲ್ಲದೆ ಏಕಾಏಕಿ ಹೋಗಿಬಿಟ್ಟರೆ, ಡಾಕ್ಟರು "ಹೃದಯ ನಿಂತು ಸಾವು" ಎಂದು ಒಂದು ಸಾಲು ಗೀಚಿ ಕೈ ತೊಳೆದುಕೊಳ್ಳುವಂತಿಲ್ಲ. ದೇಹವನ್ನು ಪೂರ್ತಿ ನೋಡಬೇಕು. ಕಾರಣ ಕಾಣದಿದ್ದರೆ ಸ್ವಲ್ಪ ರಕ್ತ ತೆಗೆದಿಟ್ಟು ದೊಡ್ಡ ಲ್ಯಾಬಿಗೆ ಕಳಿಸಬೇಕು. ಸಾವು ಹೇಗಾಯಿತು, ವಂಶದಲ್ಲಿ ಮೊದಲು ಹೀಗಾಗಿತ್ತೇ ಎಂದು ಮನೆಯವರನ್ನು ವಿಚಾರಿಸಬೇಕು. ಹೆತ್ತವರಿಗೆ, ಒಡಹುಟ್ಟಿದವರಿಗೆ "ಇದು ರಕ್ತದಲ್ಲಿ ಬಂದಿರಬಹುದು, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ" ಎಂದು ತಿಳಿಸಬೇಕು. ತಿಳಿಸಬೇಕು, ಅಷ್ಟೇ. ಕೇಳಿದವರು ಒಪ್ಪಲೇಬೇಕೆಂದು ಕಾನೂನು ಎಲ್ಲೂ ಹೇಳಿರಲಿಲ್ಲ. ಕಾನೂನು ಮಾತು ನಿಲ್ಲಿಸಿದ ಆ ಜಾಗದಲ್ಲೇ ಡಾಕ್ಟರಮ್ಮನ ಕಷ್ಟಗಳೆಲ್ಲ ಶುರುವಾಗುತ್ತಿದ್ದವು.

ಒಂದು ದಿನ ಲಾರಿ ಡ್ರೈವರೊಬ್ಬರ ಮಗನನ್ನು ತಂದರು. ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ವಯಸ್ಸು. ಬ್ರೆಡ್ಡು ಸುಡುವ ಬೇಕರಿಯಲ್ಲಿ ಕೆಲಸಕ್ಕಿದ್ದ. ಬೆಳಗಿನ ಜಾವ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದವನು ಅಂದು ಏಳಲಿಲ್ಲ. ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟು ಇತ್ತು. ಡಾಕ್ಟರಮ್ಮ ಅವನ ಹಣೆ ಮುಟ್ಟಿ ಅಪ್ಪಣೆ ಕೇಳಿ, ತಲೆಯಿಂದ ಕಾಲಿನವರೆಗೆ ನೋಡಿದರು. ಗಾಯವಿಲ್ಲ, ವಿಷವಿಲ್ಲ, ಸೋಂಕಿಲ್ಲ. ಹೃದಯವನ್ನು ತೂಗಿ, ಅದರ ಒಂದೊಂದು ಕೋಣೆಯನ್ನೂ ಬೆಳಕಿಗೆ ಹಿಡಿದರು. ಎಲ್ಲಿಯೂ ಒಂದು ಕಲೆ ಕೂಡ ಇರಲಿಲ್ಲ.

"ಎಂಥಾ ಚೆಂದದ ಹೃದಯ ಅಮ್ಮಾ!" ಎಂದ ಮೇಸ್ತ್ರಿ.

ಆ ಮಾತಿಗೇ ಡಾಕ್ಟರಮ್ಮ ಹೆದರಿದರು. ಇಷ್ಟು ಚೆಂದದ ಹೃದಯ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ಮಾಂಸದಲ್ಲಿ ದೋಷವಿಲ್ಲ ಎಂದರೆ ಅದನ್ನು ಬಡಿಯುವಂತೆ ಮಾಡುವ ಕರೆಂಟಿನಲ್ಲಿ ದೋಷ ಇದ್ದಿರಬೇಕು. ಅದು ಸತ್ತ ಮೇಲೆ ಕಾಣುವುದಿಲ್ಲ. ಮನೆಯಲ್ಲಿ ಇನ್ನೂ ಒಬ್ಬರಿಗೆ ಇದ್ದರೂ ಇರಬಹುದು. ಅವರು ರಕ್ತ ತೆಗೆದಿಟ್ಟು, ಕೈ ತೊಳೆದು, ಬಟ್ಟೆ ಬದಲಿಸಿ ಹೊರಗೆ ಬರುವಷ್ಟರಲ್ಲಿ ಮೇಸ್ತ್ರಿ ತನ್ನ ಅಭ್ಯಾಸ ತೋರಿಸಿಬಿಟ್ಟಿದ್ದ. ಹುಡುಗನ ಅಪ್ಪನ ಹೆಗಲ ಮೇಲೆ ಕೈ ಹಾಕಿ, "ಅಳಬೇಡಿ ಅಣ್ಣಾ. ನಿಮ್ಮ ಮಗನ ಹೃದಯ ಬಂಗಾರದ ಹಾಗಿತ್ತು. ಒಂದು ಚೂರೂ ದೋಷ ಇಲ್ಲ. ದೇವರು ಕರೆದ, ಹೋದ" ಎನ್ನುತ್ತಿದ್ದ.

ಆಮೇಲೆ ಡಾಕ್ಟರಮ್ಮ ಎಷ್ಟು ಹೇಳಿದರೂ ಲಾರಿಯವರ ಕಿವಿಗೆ ಹೋಗಲಿಲ್ಲ. ದಪ್ಪ ಕೈಗಳ, ಬಿಸಿಲಿಗೆ ಸುಟ್ಟ ಮುಖದ ಮನುಷ್ಯ. ಅಳುವಾಗಲೂ ನೆಟ್ಟಗೆ ನಿಂತಿದ್ದರು.

"ನಿಮಗೆ ಮಗಳೊಬ್ಬಳು ಇದ್ದಾಳಲ್ಲ, ಅವಳ ಹೃದಯ ಒಂದ್ಸಲ ಪರೀಕ್ಷೆ ಮಾಡಿಸಬೇಕು" ಎಂದರು ಡಾಕ್ಟರಮ್ಮ.

"ಯಾಕೆ? ದೋಷ ಇಲ್ಲ ಅಂತ ನಿಮ್ಮೋರೇ ಹೇಳಿದ್ರಲ್ಲ. ನನ್ನ ಮಗನ್ನ ಕುಯ್ದು ನೋಡಿದ್ರಿ, ಏನೂ ಸಿಗಲಿಲ್ಲ. ಈಗ ಬದುಕಿರೋಳನ್ನೂ ಬಿಡಲ್ವಾ?"

ಅಷ್ಟು ಹೇಳಿ ಅವರು ಹೊರಟುಹೋದರು. ಮೇಸ್ತ್ರಿ ಕಂಗಾಲಾಗಿ ನಿಂತಿದ್ದ. ಡಾಕ್ಟರಮ್ಮನಿಗೆ ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಆದರೆ ಅವನ ಕಣ್ಣಲ್ಲೂ ನೀರಿದ್ದದ್ದನ್ನು ಕಂಡು ನುಂಗಿಕೊಂಡರು. "ಮೇಸ್ತ್ರೀ, ಏನೂ ಸಿಗದೇ ಇರೋದೇ ಇಲ್ಲಿ ಸಿಕ್ಕಿರೋದು" ಎಂದಷ್ಟೇ ಹೇಳಿದರು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತ.

ಕಾನೂನಿನ ಪ್ರಕಾರ ಡಾಕ್ಟರಮ್ಮನ ಕರ್ತವ್ಯ ಅಲ್ಲಿಗೆ ಮುಗಿದಂತೆಯೇ. ತಿಳಿಸಬೇಕಾದವರಿಗೆ ತಿಳಿಸಿಯಾಗಿತ್ತು. ಆದರೆ ಮನೆಗೆ ಬಂದು ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಇದ್ದರು.

"ಏನೇ, ಉಪ್ಪು ಜಾಸ್ತಿ ಆಯ್ತಾ?" ಎಂದರು ಗಂಡ.

"ಒಂದು ಹುಡುಗಿ ಇದ್ದಾಳೆ ರೀ. ನಾನಿನ್ನೂ ಅವಳ ಮುಖ ನೋಡಿಲ್ಲ. ಮೊದಲ ಸಲ ನನ್ನ ಮೇಜಿನ ಮೇಲೇ ನೋಡೋ ಹಾಗೆ ಆಗಬಾರದು."

ಗಂಡ ತಮಾಷೆ ಬಿಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹಾಗಾದ್ರೆ ಹೋಗಿ ನೋಡ್ಕೊಂಡು ಬಾ. ನೀನು ಮಾತಾಡಬೇಡ, ಅವರು ಮಾತಾಡಲಿ. ನಿನಗೆ ಕೇಳಿಸಿಕೊಳ್ಳೋದು ಚೆನ್ನಾಗಿ ಬರತ್ತೆ."

ದುಃಖದ ಮನೆಯವರಿಗೆ ಉಸಿರಾಡಲು ಸ್ವಲ್ಪ ಸಮಯ ಕೊಟ್ಟು, ಒಂದು ಸಂಜೆ ಡಾಕ್ಟರಮ್ಮ ಹೋದರು. ಒಂದಕ್ಕೊಂದು ಅಂಟಿಕೊಂಡ ಮನೆಗಳ ಕಿರಿದಾದ ಬೀದಿ. ಲಾರಿಯವರು ಮಗ ಹೋದ ಮೇಲೆ ಮೊದಲ ಸಲ ಬಾಡಿಗೆಗೆ ಹೋಗಿದ್ದರು. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ತಾಯಿ ಬಾಗಿಲು ತೆರೆದು, ಬಂದವರು ಯಾರೆಂದು ತಿಳಿದ ಮೇಲೂ ಒಳಗೆ ಕರೆದರು. ಸತ್ತ ಮಗನ ಮೂಗು ತಾಯಿಯದೇ ಎಂದು ಡಾಕ್ಟರಮ್ಮ ಆಗಲೇ ಗುರುತಿಸಿದರು. ಮಗಳು ಕಾಲೇಜಿಗೆ ಹೋಗುವವಳು, ಎರಡು ಜಡೆ, ಚೂಪು ಕಣ್ಣು. ಚಹಾ ತಂದಿಟ್ಟು ಅಮ್ಮನ ಕುರ್ಚಿಯ ಹಿಂದೆ ನಿಂತಳು.

ಡಾಕ್ಟರಮ್ಮ ಗಂಡ ಹೇಳಿದಂತೆ ಸುಮ್ಮನೆ ಕೂತರು. ತಾಯಿ ಮಗನ ವಿಷಯ ಹೇಳುತ್ತಾ ಹೋದರು. ಅವನು ಮೊದಲ ಸಲ ಬ್ರೆಡ್ಡು ಸುಟ್ಟಾಗ ಅದು ಕಲ್ಲಾಗಿದ್ದು, ಅದನ್ನು ಅಪ್ಪ ಲಾರಿಯ ಚಕ್ರಕ್ಕೆ ಅಡ್ಡ ಇಡಲು ಕೇಳಿದ್ದು, ಅಂಥ ಮಾತುಗಳನ್ನು ಹೇಳಿ ನಕ್ಕರು, ನಗುತ್ತಲೇ ಅತ್ತರು. ಕೊನೆಗೆ "ಅಲಾರಾಂ ಬಡಿದಾಗ ನನ್ನ ಕಂದ ಆಗಲೇ ಇರಲಿಲ್ಲ ಅನ್ಸತ್ತೆ. ನಿದ್ದೇಲೇ ಹೋದ" ಎಂದರು.

ಡಾಕ್ಟರಮ್ಮ ಚಹಾದ ಲೋಟ ಕೆಳಗಿಟ್ಟರು. "ಅಲಾರಾಂ ಬಡೀತಾ ಅವತ್ತು?"

"ಬಡೀತು. ನನ್ನ ಕೋಣೆಗೂ ಕೇಳಿಸ್ತು" ಎಂದಳು ಮಗಳು. "ನಮ್ಮಣ್ಣಂದು ಹಳೇ ಗಡಿಯಾರ. ಬೀದಿಯೆಲ್ಲ ಎದ್ದು ಕೂರೋ ಹಾಗೆ ಹೊಡ್ಕೊಳ್ಳತ್ತೆ. ನಾವಾಗಿ ಗುಂಡಿ ಒತ್ತದೇ ಇದ್ರೆ ನಿಲ್ಲೋದೇ ಇಲ್ಲ."

"ಅವತ್ತು ನಿಲ್ಲಿಸಿದವರು ಯಾರಮ್ಮ?"

ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ ತಾನಲ್ಲವೆಂದು ತಲೆಯಾಡಿಸಿದರು. ಅಪ್ಪ ಆ ಹೊತ್ತಿಗೆ ಇನ್ನೂ ಮನೆಗೆ ಬಂದಿರಲಿಲ್ಲ. ಬೇರೆ ಯಾರೂ ಇರಲಿಲ್ಲ.

"ಅಣ್ಣನೇ" ಎಂದಳು ಮೆಲ್ಲಗೆ. "ಒಂದ್ಸಲ ಜೋರಾಗಿ ಹೊಡ್ಕೊಂಡು ತಕ್ಷಣ ನಿಂತುಹೋಯ್ತು. ಎದ್ದ ಅಂದ್ಕೊಂಡು ನಾನು ಮತ್ತೆ ಮಲಗಿದೆ."

ಹಾಗಾದರೆ ಅಲಾರಾಂ ಬಡಿದಾಗ ಹುಡುಗ ಬದುಕಿದ್ದ. ಬೆಚ್ಚಿ ಎಚ್ಚರಾದ, ಕೈ ಚಾಚಿ ನಿಲ್ಲಿಸಿದ, ಆಮೇಲೆ ಹೋದ. ಡಾಕ್ಟರಮ್ಮನಿಗೆ ಬೇಕಾದ ಎಳೆ ಸಿಕ್ಕಿತ್ತು. ದಿಢೀರ್ ಶಬ್ದಕ್ಕೆ ತಾಳ ತಪ್ಪುವ ಹೃದಯಗಳಿವೆ ಎಂದು ಅವರಿಗೆ ಗೊತ್ತಿತ್ತು. ಮಗಳ ಬಗ್ಗೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಲಾರಿಯ ಹಾರ್ನು ಭೋಂ ಎಂದು ಕೂಗಿತು. ಕಿಟಕಿಯ ಗಾಜು ನಡುಗಿತು.

ಹುಡುಗಿಯ ಕೈ ಕುರ್ಚಿಯ ಬೆನ್ನನ್ನು ತಡಕಾಡಿತು. ಮುಖ ಗೋಡೆಯ ಸುಣ್ಣದ ಹಾಗೆ ಬಿಳಚಿಕೊಂಡಿತು. ಕಣ್ಣು ಮೇಲೆ ಹೋಗುವಂತಾಗಿ ಮೊಣಕಾಲು ಸಡಿಲವಾಯಿತು. ಡಾಕ್ಟರಮ್ಮ ಹಾರಿ ಹೋಗಿ ಅವಳನ್ನು ನೆಲದ ಮೇಲೆ ಮಲಗಿಸಿ ಕೊರಳಿಗೆ ಬೆರಳಿಟ್ಟರು. ನಾಡಿ ದಿಕ್ಕೆಟ್ಟು ಓಡಿತು, ಸಿಗದಂತಾಯಿತು. ದೇವರೇ, ಇವಳನ್ನು ಕೊಡು ಎಂದು ಅವರ ಮನಸ್ಸು ಕೂಗಿತು. ಬೆರಳ ಕೆಳಗೆ ಒಂದು ಬಡಿತ ಬಂತು. ಅದರ ಹಿಂದೆ ಇನ್ನೊಂದು. ಮತ್ತೆ ಸಾಲಾಗಿ, ಶಿಸ್ತಾಗಿ ಬಂದವು. ಹುಡುಗಿ ಕಣ್ಣು ಬಿಟ್ಟು ನಾಚಿಕೊಂಡಳು.

"ಗಾಬರಿ ಆಗಬೇಡಿ" ಎಂದು ತಾಯಿಯೇ ಡಾಕ್ಟರಮ್ಮನಿಗೆ ಸಮಾಧಾನ ಹೇಳಿದರು. "ಇವಳು ಚಿಕ್ಕಂದಿನಿಂದ ಹೀಗೇ. ಪಾತ್ರೆ ಬಿದ್ರೆ ಸಾಕು, ತಲೆ ತಿರುಗತ್ತೆ. ಮನೇಲೆಲ್ಲ ಪುಕ್ಕಲಿ ಅಂತಲೇ ಕರೆಯೋದು. ಅವರಪ್ಪ ಬಂದ್ರೆ ತಿರುವಿನಲ್ಲೇ ಹಾರ್ನ್ ಹೊಡೀತಾರೆ. ಅಷ್ಟಕ್ಕೂ ಹೆದರ್ತಾಳೆ."

ಅಷ್ಟರಲ್ಲಿ ಲಾರಿಯವರು ಒಳಗೆ ಬಂದರು. ಹಾರ್ನನ್ನು ಅವರು ಬೇಕೆಂದು ಒತ್ತಿರಲಿಲ್ಲ. ವರ್ಷಗಟ್ಟಲೆ ಆ ತಿರುವಿನಲ್ಲಿ ಒತ್ತಿದ ಕೈ ತನ್ನ ಪಾಡಿಗೆ ಒತ್ತಿತ್ತು. ನೆಲದ ಮೇಲೆ ಮಗಳು, ಪಕ್ಕದಲ್ಲಿ ಡಾಕ್ಟರಮ್ಮ.

"ನೀವಾ? ಇಲ್ಲಿಗೂ ಬಂದ್ರಾ?"

"ಬಂದೆ. ಬೈಯೋದಿದ್ರೆ ಆಮೇಲೆ ಬೈಯಿರಿ, ಮೊದಲು ಕೂತ್ಕೊಳ್ಳಿ" ಎಂದರು ಡಾಕ್ಟರಮ್ಮ. ಅವರ ಬೆರಳು ಇನ್ನೂ ಹುಡುಗಿಯ ನಾಡಿಯ ಮೇಲೇ ಇತ್ತು. ಅದನ್ನು ಕಂಡೇ ಇರಬೇಕು, ಲಾರಿಯವರು ಕೂತರು.

"ನನ್ನ ಮಗನ ಹೃದಯ ಬಂಗಾರದ ಹಾಗಿತ್ತು ಅಂದ್ರಿ."

"ಇತ್ತು. ಅದಕ್ಕೇ ನನಗೆ ಭಯ. ನೀವು ಗಾಡಿಯವರು, ನಿಮಗೆ ಅರ್ಥ ಆಗತ್ತೆ. ನಾನು ಇಂಜಿನ್ ಬಿಚ್ಚಿ ನೋಡಿದೆ. ಒಂದು ಬೋಲ್ಟೂ ಸಡಿಲ ಇರಲಿಲ್ಲ. ಆದ್ರೂ ಗಾಡಿ ನಿಂತುಹೋಯ್ತು. ಹಾಗಾದ್ರೆ ಏನು ನೋಡ್ತೀರಿ?"

ಲಾರಿಯವರು ಬೇಡವೆಂದರೂ ಬಾಯಿ ಉತ್ತರ ಕೊಟ್ಟಿತು. "ವೈರಿಂಗ್."

"ವೈರಿಂಗ್ ದೋಷ ಇಂಜಿನ್ ಬಿಚ್ಚಿದ್ರೆ ಕಾಣಲ್ಲ. ಗಾಡಿ ಚಾಲೂ ಇದ್ದಾಗಲೇ ನೋಡಬೇಕು. ಒಂದೊಂದು ಹೃದಯ ಒಂದು ಬಡಿತ ಆದ್ಮೇಲೆ ಮುಂದಿನದಕ್ಕೆ ಸಜ್ಜಾಗೋಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳತ್ತೆ. ಅದೇ ಗಳಿಗೇಲಿ ದಿಢೀರ್ ಅಂತ ಶಬ್ದ ಆದ್ರೆ ತಾಳ ತಪ್ಪತ್ತೆ. ನಿಮ್ಮ ಮಗ ಅಲಾರಾಂ ನಿಲ್ಲಿಸಿದಾನೆ, ಆಮೇಲೆ ಹೋಗಿದಾನೆ. ಚಾಲೂ ಇರೋ ಗಾಡಿ ಈ ಮನೇಲಿ ಇನ್ನೂ ಇದಾವೆ. ನಾನು ಕುಯ್ಯಲ್ಲ, ಚುಚ್ಚಲ್ಲ. ಎದೆಗೆ ನಾಲ್ಕು ತಂತಿ ಅಂಟಿಸಿ ಒಂದು ಕಾಗದದ ಮೇಲೆ ಗೆರೆ ಎಳೀತಾರೆ. ಅಷ್ಟೇ."

"ನಮ್ಮ ವಂಶದಲ್ಲಿ ಇಂಥದ್ದೆಲ್ಲ ಇಲ್ಲ" ಎಂದರು ಲಾರಿಯವರು. ಆದರೆ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ. "ನಮ್ಮಲ್ಲಿ ಎಲ್ಲರೂ ಹಣ್ಣು ಹಣ್ಣಾಗಿ ಹೋದೋರೇ."

"ನಿಮ್ಮಲ್ಲಿ ಇಲ್ಲ" ಎಂದರು ತಾಯಿ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ನಮ್ಮಲ್ಲಿದೆ. ನನ್ನ ತಮ್ಮ ಹೋಗಿದ್ದು ಜ್ವರ ಬಂದು ಅಲ್ಲ. ಸ್ಕೂಲಲ್ಲಿ ಗಂಟೆ ಪಕ್ಕ ನಿಂತಿದ್ದ. ಜವಾನ ಗಂಟೆ ಬಾರಿಸಿದ, ಇವನು ಬಿದ್ದ. ಮನೆತನಕ್ಕೆ ಕೆಟ್ಟ ಹೆಸರು ಬರತ್ತೆ, ನನಗೆ ಗಂಡು ಸಿಗಲ್ಲ ಅಂತ ನಮ್ಮ ಮನೆಯವರು ಜ್ವರ ಅಂದ್ರು. ನನಗೂ ಅದೇ ಹೇಳು ಅಂದ್ರು. ಹೇಳಿ ಹೇಳಿ ನಿಜಾನೇ ಮರೆತಿದ್ದೆ."

ಲಾರಿಯವರು ಸಿಟ್ಟಾಗುತ್ತಾರೆಂದು ಡಾಕ್ಟರಮ್ಮ ಮನಸ್ಸು ಗಟ್ಟಿ ಮಾಡಿಕೊಂಡರು. ಆದರೆ ಅವರು ತಮ್ಮ ಬಲಗೈಯನ್ನೇ ನೋಡುತ್ತಿದ್ದರು.

"ನಿನಗೂ ಹಾರ್ನ್ ಕೇಳಿದ್ರೆ ಹೀಗೇ ಆಗ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದರು.

"ಎದೆ ಒಂದ್ಸಲ ಹಾರಿ ಬೀಳ್ತಿತ್ತು."

"ಮದುವೆ ಆದಾಗಿಂದ ಹೊಡೀತಾ ಇದೀನಲ್ಲೇ! ನೀನು ಒಂದು ಮಾತು ಹೇಳಬಾರದಾ?"

"ಏನಂತ ಹೇಳಲಿ? ನೀವು ಬಂದ್ರಿ ಅಂತ ಗೊತ್ತಾಗ್ತಿದ್ದಿದ್ದೇ ಅದರಿಂದ. ಹೆದರಿಕೆಗಿಂತ ಖುಷಿ ಜಾಸ್ತಿ ಇರ್ತಿತ್ತು" ಎಂದು ತಾಯಿ ಹೇಳಿ, ಆಮೇಲೆ ಏನೋ ಹೊಳೆದವರಂತೆ ಡಾಕ್ಟರಮ್ಮನ ಕಡೆ ತಿರುಗಿದರು. "ಹಾಗಾದ್ರೆ ನನ್ನ ಮಗನಿಗೆ ಇದು ನನ್ನಿಂದಲೇ ಬಂತಾ?"

ಈ ಪ್ರಶ್ನೆ ಬರುತ್ತದೆಂದು ಡಾಕ್ಟರಮ್ಮನಿಗೆ ಗೊತ್ತಿತ್ತು. "ಅವನ ಮೂಗೂ ನಿಮ್ಮದೇ. ಅದನ್ನ ಕೊಡುವಾಗ ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಇದೂ ಹಾಗೇ ಬಂದಿರತ್ತೆ. ಇದರಲ್ಲಿ ತಪ್ಪು ಯಾರದೂ ಇಲ್ಲ" ಎಂದರು. ತಾಯಿ ಅವರ ಕೈ ಹಿಡಿದುಕೊಂಡು ತುಂಬಾ ಹೊತ್ತು ಬಿಡಲಿಲ್ಲ. ಮಗನ ಹೃದಯವನ್ನು ಮುಟ್ಟಿದ ಕೈ ಅದೇ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಲಾರಿಯವರೇ ಹೆಂಡತಿ ಮಗಳನ್ನು ಆಸ್ಪತ್ರೆಗೆ ಕರೆತಂದರು. ಡಾಕ್ಟರಮ್ಮ ಜೊತೆಯಲ್ಲಿ ಹೃದಯದ ವಿಭಾಗಕ್ಕೆ ಹೋದರೆ ಅಲ್ಲಿನ ನರ್ಸು, "ಏನಮ್ಮಾ, ಇವತ್ತು ಉಸಿರಾಡೋ ರೋಗಿಗಳನ್ನ ಕರ್ಕೊಂಡು ಬಂದಿದೀರಿ!" ಎಂದು ಹುಬ್ಬೇರಿಸಿದಳು. "ಇವರು ಹೀಗೇ ಉಸಿರಾಡ್ತಾ ಇರಲಿ ಅಂತಲೇ ಬಂದಿದ್ದು" ಎಂದರು ಡಾಕ್ಟರಮ್ಮ. ಯಂತ್ರ ಎಳೆದ ಗೆರೆಗಳು ತಾಯಿ ಮಗಳಿಬ್ಬರದೂ ಒಂದೇ ಥರ ಇದ್ದವು. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ತಯಾರಿ ಬೇಕಾದ್ದಕ್ಕಿಂತ ಉದ್ದ. ಅದಕ್ಕೆ ಮಾತ್ರೆ ಇತ್ತು. ದಿನಾ ತಪ್ಪದೆ ನುಂಗಬೇಕು, ಕೆಲವು ಔಷಧಿಗಳನ್ನು ಮುಟ್ಟಬಾರದು, ಮಲಗಿದಾಗ ದಿಢೀರ್ ಎಂದು ಎಬ್ಬಿಸಬಾರದು. ತೆಗೆದಿಟ್ಟ ರಕ್ತದ ಫಲಿತಾಂಶ ಲ್ಯಾಬಿನಿಂದ ಎಷ್ಟೋ ತಿಂಗಳ ಮೇಲೆ ಬಂತು. ಡಾಕ್ಟರಮ್ಮ ಊಹಿಸಿದ್ದನ್ನೇ ಅದೂ ಹೇಳಿತು. ಅಷ್ಟರಲ್ಲಿ ಪುಕ್ಕಲಿ ಮಾತ್ರೆ ನುಂಗಿ ನುಂಗಿ ದುಂಡಗಾಗಿದ್ದಳು.

ಮೇಸ್ತ್ರಿ ಕೂಡ ಬದಲಾದ. ಸಮಾಧಾನ ಹೇಳದೆ ಇರುವುದು ಅವನಿಂದ ಆಗದ ಮಾತು. ಆದರೆ ಈಗ "ಕೂತ್ಕೊಳ್ಳಿ ಅಣ್ಣಾ, ನೀರು ತರ್ತೀನಿ. ಮಿಕ್ಕಿದ್ದು ಅಮ್ಮ ಬಂದು ಹೇಳ್ತಾರೆ" ಎನ್ನುತ್ತಿದ್ದ. ನೀರಿನ ಲೋಟದ ಮೇಲೆ ಲೋಟ ಕುಡಿಸಿ, ಬಂದವರಿಗೆ ಅಳಲೂ ಪುರುಸೊತ್ತು ಕೊಡುತ್ತಿರಲಿಲ್ಲ ಎಂದು ಆಸ್ಪತ್ರೆಯವರು ಅವನನ್ನು ಆಡಿಕೊಳ್ಳುತ್ತಿದ್ದರು.

ವರ್ಷಗಳು ಕಳೆದವು. ಪುಕ್ಕಲಿ ಓದು ಮುಗಿಸಿ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದಳು. "ಗಲಾಟೆ ಮಾಡಿದವರನ್ನ ಗದರಿಸೋಕೆ ನನಗೆ ಸಂಬಳ ಕೊಡ್ತಾರೆ ಆಂಟಿ" ಎಂದು ಡಾಕ್ಟರಮ್ಮನಿಗೆ ಫೋನು ಮಾಡಿ ಹೇಳಿ, ರಜೆಯ ದಿನ ಮನೆಗೆ ತಿಂಡಿಗೆ ಬರಲೇಬೇಕು ಎಂದು ಹಟ ಹಿಡಿದಳು.

ಡಾಕ್ಟರಮ್ಮ ಹೇಳಿದ ಹೊತ್ತಿಗಿಂತ ಬೇಗನೆ ಹೋದರು. ಬಾಗಿಲ ಪಕ್ಕ ಕರೆಗಂಟೆ ಇದ್ದ ಜಾಗದಲ್ಲಿ ಸುಣ್ಣ ಬಳಿದ ಗುರುತಿತ್ತು. ಮೆಲ್ಲಗೆ ತಟ್ಟಿದರು. ತಾಯಿ ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಟ್ಟು, "ಇನ್ನೂ ಎದ್ದಿಲ್ಲ. ಕರೆದವಳೇ ಮಲಗಿದಾಳೆ ನೋಡಿ" ಎಂದು ಪಿಸುಗುಟ್ಟಿ ನಕ್ಕರು. ಗೋಡೆಯ ಮೇಲೆ ಮಗನ ಫೋಟೋ. ಅದರ ಕೆಳಗೆ ಅವನ ಹಳೆಯ ಗಡಿಯಾರ. ಗಂಟೆ ಬಡಿಯುವ ಸುತ್ತಿಗೆಯನ್ನು ಯಾರೋ ಬಿಚ್ಚಿ ತೆಗೆದಿದ್ದರು. ಮುಳ್ಳುಗಳು ಮಾತ್ರ ಓಡುತ್ತಿದ್ದವು.

ಹೊರಗೆ ಹೆಜ್ಜೆ ಸಪ್ಪಳವಾಯಿತು. ಡಾಕ್ಟರಮ್ಮ ಕಿಟಕಿಯಿಂದ ನೋಡಿದರೆ, ಲಾರಿಯವರು ಹೆಗಲಿಗೆ ಚೀಲ ಹಾಕಿಕೊಂಡು ಬೀದಿಯ ಉದ್ದಕ್ಕೂ ನಡೆದು ಬರುತ್ತಿದ್ದರು.

"ಲಾರಿ ಎಲ್ಲಿ?"

"ಪೆಟ್ರೋಲ್ ಬಂಕಿನ ಹತ್ತಿರ ಬಿಟ್ಟು ಬರ್ತಾರೆ" ಎಂದರು ತಾಯಿ. "ಈ ತಿರುವಿಗೆ ಗಾಡಿ ತಂದ್ರೆ ತಮ್ಮ ಕೈ ಮೇಲೆ ತಮಗೇ ನಂಬಿಕೆ ಇಲ್ವಂತೆ. ಅವತ್ತಿಂದ ಹೀಗೇ. ನಡೆದೂ ನಡೆದೂ ಹೊಟ್ಟೆ ಕರಗಿದೆ ನೋಡಿ."

ಲಾರಿಯವರು ಒಳಗೆ ಬಂದು ಡಾಕ್ಟರಮ್ಮನಿಗೆ ಕೈ ಮುಗಿದರು. ಚೀಲ ಕೆಳಗಿಟ್ಟು, ಕೈ ತೊಳೆದು, ತಣ್ಣಗಿದ್ದ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮಗಳ ಕೋಣೆಗೆ ಹೋದರು. ಮೊದಲು ಪರದೆಯನ್ನು ಸ್ವಲ್ಪ ಸರಿಸಿದರು. ಬೆಳಕು ಹಾಸಿಗೆಯ ಅಂಚಿಗೆ ಬಂತು. ಆಮೇಲೆ ಕಾಲ ಬಳಿ ಕೂತು, ಆ ದಪ್ಪ ಕೈಯಿಂದ ಮಗಳ ಪಾದವನ್ನು ಮುಟ್ಟಿದರು. ಅಲುಗಿಸಲಿಲ್ಲ, ಹಾಗೇ ಹಿಡಿದು ಕಾದರು.

ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮನ ನಾಲಿಗೆಯ ತುದಿಗೆ ದಿನಾ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಆಡುವ ಮಾತು ತಾನಾಗಿ ಬಂತು. ಆದರೆ ಇಲ್ಲಿ ಅಪ್ಪಣೆ ಕೇಳಲು ಏನೂ ಇರಲಿಲ್ಲ. ಅವರು ಮನಸ್ಸಿನಲ್ಲೇ ಕೈ ಮುಗಿದರು.

"ಬಂದ್ರಾ ಅಪ್ಪಾ?" ಎಂದಳು ಪುಕ್ಕಲಿ, ಕಣ್ಣು ಬಿಡದೆಯೇ.

"ಬಂದೆ ಮಗಾ" ಎಂದರು ಲಾರಿಯವರು. "ನಿನ್ನ ಡಾಕ್ಟರಮ್ಮನೂ ಬಂದಿದಾರೆ. ಏಳು, ಮರ್ಯಾದೆ ತೆಗೀಬೇಡ."